ತಂತಿಯಿಲ್ಲದ ಮೌಸಿನ ಆಯುಷ್ಯಕ್ಕಾಗಿ ನಾನು ಕೈಗೊಂಡ ಕ್ರಮಗಳು

ಸೆಲ್ಲು ಉಳಿಸುವುದು ಕಷ್ಟದ ವಿದ್ಯೆಯೇನಲ್ಲ. ಸ್ವಲ್ಪ ಶಿಸ್ತು, ಸ್ವಲ್ಪ ಬುದ್ಧಿ ಇದ್ದರೆ ಸಾಕು. ಎರಡೂ ನನ್ನಲ್ಲಿವೆ ಎಂದು ಆಗ ನಾನು ನಂಬಿದ್ದೆ.

ಇದು ನಡೆದದ್ದು ಎರಡು ಸಾವಿರದ ನಾಲ್ಕೋ ಐದೋ ಇಸವಿಯ ಬೇಸಿಗೆಯಲ್ಲಿ. ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವನು, ದಿನಚರಿ ಬರೆಯುವ ಅಭ್ಯಾಸವೂ ಉಂಟು. ಇಸವಿಯನ್ನಾದರೂ ಖಚಿತವಾಗಿ ಹೇಳಬೇಕಿತ್ತು. ಆದರೆ ನನಗೆ ಅವಮಾನವಾದ ದಿನಗಳೆಲ್ಲ ನನ್ನ ದಿನಚರಿಯಲ್ಲಿ 'ಇಂದು ವಿಶೇಷವೇನಿಲ್ಲ' ಎಂದು ಮುಗಿಯುತ್ತವೆ! ಹಾಗಾಗಿ ನೆನಪಿನಿಂದಲೇ ಬರೆಯುತ್ತಿದ್ದೇನೆ. ಅದೂ ಸದಾ ನನ್ನ ಕಡೆಗೇ ವಾಲುವ ನೆನಪು. ತೀರಾ ವಾಲಿದ ಕಡೆಗಳಲ್ಲಿ ನನ್ನ ಹೆಂಡತಿ ಗಿರಿಜಾ ತಿದ್ದಿದ್ದಾಳೆ.

ಗಿರಿಜಾ ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಾಲಿನಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಕೆಲಸ ಮಾಡುತ್ತಿದ್ದಳು. ವಿಸಿಟಿಂಗ್ ಕಾರ್ಡು, ನಾಮಕರಣದ ಕಾರ್ಡು, ಬಾಡಿಗೆ ಕರಾರು, ಇಂಥ ಸಣ್ಣಪುಟ್ಟವು. ಆ ವರ್ಷ ಮೊದಲ ಸಲ ಒಂದು ದೊಡ್ಡ ಮದುವೆಯ ಲಗ್ನಪತ್ರಿಕೆ ಅವಳಿಗೆ ಬಂತು. ಕೊಟ್ಟವರು ಬೆಲ್ಲದ ಮಂಡಿಯ ಗುರುಮಲ್ಲಪ್ಪನವರು. ಅವರ ನೆಂಟರಿಷ್ಟರು ಅರ್ಧ ಜಿಲ್ಲೆಗೆ ಹರಡಿಕೊಂಡಿದ್ದರು.

"ಇದೊಂದು ಚೆನ್ನಾಗಿ ಮಾಡಿಕೊಟ್ರೆ ಆ ಬಳಗದ ಮದುವೆಗಳೆಲ್ಲ ನನ್ನ ಹತ್ರಾನೇ ಬರ್ತವೆ ಕಣ್ರೀ" ಎಂದಳು ಗಿರಿಜಾ. "ಕೆಟ್ರೆ ಆಯುಷ್ಯಪೂರ್ತಿ ಬಾಡಿಗೆ ಕರಾರೇ ಗತಿ."

ಹೆಂಡತಿಯ ಏಳಿಗೆಯಲ್ಲಿ ಗಂಡನ ಪಾಲೂ ಇರಬೇಕಲ್ಲ! ಅವಳ ಹಳೆಯ ಮೌಸಿನ ತಂತಿ ಸ್ಯಾಂಪಲ್ ಕಾರ್ಡುಗಳ ಗುಡ್ಡೆಗೆ ಸಿಕ್ಕಿಕೊಳ್ಳುವುದನ್ನು ನೋಡಿದ್ದೆ. ಶಿವರಾಂಪೇಟೆಗೆ ಹೋಗಿ, ಆಗಷ್ಟೇ ಅಂಗಡಿಗಳಿಗೆ ಬಂದಿದ್ದ ತಂತಿಯಿಲ್ಲದ ಮೌಸ್ ಒಂದನ್ನು ತಂದುಕೊಟ್ಟೆ. ಗಿರಿಜಾ ಕಣ್ಣರಳಿಸಿದಳು. ನನ್ನ ನೆನಪಿನ ಪ್ರಕಾರ ಕಣ್ಣಂಚಿನಲ್ಲಿ ನೀರೂ ಇತ್ತು. ಅವಳ ಪ್ರಕಾರ ಅವಳು ಆಗ ಈರುಳ್ಳಿ ಹೆಚ್ಚುತ್ತಿದ್ದಳು.

ಮೌಸಿಗೆ ಎರಡು ಪೆನ್ಸಿಲ್ ಸೆಲ್ಲು. ಅಂಗಡಿಯವನು ಪುಕ್ಕಟೆ ಕೊಟ್ಟಿದ್ದ ಜೋಡಿ ಬಹಳ ಬೇಗ ಸತ್ತುಹೋಯಿತು. ಎರಡನೆಯ ಜೋಡಿಯೂ ಅದೇ ದಾರಿ ಹಿಡಿಯುವ ಲಕ್ಷಣ ತೋರಿತು.

"ಹಳೇ ಮೌಸು ಒಂದು ದಿನ ಊಟ ಕೇಳಿದ್ದಿಲ್ಲ" ಎಂದಳು ಗಿರಿಜಾ.

ಈ ಮಾತು ನನಗೆ ನಾಟಿತು. "ಸೆಲ್ಲಿನ ಚಿಂತೆ ನಿನಗೆ ಬೇಡ. ಇವತ್ತಿನಿಂದ ಆ ಇಲಾಖೆ ನನ್ನದು" ಎಂದು ಘೋಷಿಸಿದೆ.

ಮೊದಲನೆಯ ಕ್ರಮ ಸರಳ. ಗಿರಿಜಾ ಕುರ್ಚಿಯಿಂದ ಎದ್ದ ತಕ್ಷಣ ನಾನು ಸೆಲ್ಲು ಬಿಚ್ಚಿ ಇಡುವುದು. ಅವಳು ಕುಕ್ಕರ್ ಇಳಿಸಲು ಎದ್ದರೂ ಬಿಚ್ಚುತ್ತಿದ್ದೆ, ಹಾಲಿನವನಿಗೆ ಬಾಗಿಲು ತೆರೆಯಲು ಎದ್ದರೂ ಬಿಚ್ಚುತ್ತಿದ್ದೆ. ಒಮ್ಮೆ ಅವಳು ಸೀನಲು ಮುಖ ತಿರುಗಿಸಿದಾಗಲೂ ಬಿಚ್ಚಿದೆನಂತೆ. ಇದನ್ನು ನಾನು ಒಪ್ಪುವುದಿಲ್ಲ.

ಒಪ್ಪಲೇಬೇಕಾದ ಸಂಗತಿ ಬೇರೆ ಇದೆ. ಒಂದು ಬೆಳಿಗ್ಗೆ ಬಿಚ್ಚಿದ ಸೆಲ್ಲುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಪರೀಕ್ಷಾ ಮೇಲ್ವಿಚಾರಣೆಗೆಂದು ನೆಟ್ಟಗೆ ಕಾಲೇಜಿಗೆ ಹೋಗಿಬಿಟ್ಟೆ! ಮಧ್ಯಾಹ್ನ ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ಕೈಚಾಚಿ ನಿಂತಿದ್ದಳು.

"ಕೊಡಿ."

"ಏನು?"

"ಜೇಬಲ್ಲಿರೋದು. ಬೆಳಗಿಂದ ಪತ್ರಿಕೆ ಮೇಲಿನ ಸ್ವಾಮೀಜಿಯವರ ಬಿರುದುಗಳ ಮಧ್ಯೆ ಮೌಸಿಲ್ದೆ ಟ್ಯಾಬ್ ಒತ್ತಿಕೊಂಡು ಓಡಾಡ್ತಿದ್ದೀನಿ. ಬೆರಳು ಬಾತುಹೋಗಿದೆ."

"ಆದರೆ ನೋಡು, ಇವತ್ತು ಸೆಲ್ಲು ಒಂಚೂರೂ ಖರ್ಚಾಗಿಲ್ಲ" ಎಂದೆ. ಅದು ನಿಜವೇ ಆಗಿತ್ತು. ನಿಜ ಹೇಳಲು ಅದು ಸಮಯವಾಗಿರಲಿಲ್ಲ.

ಎರಡನೆಯ ಕ್ರಮಕ್ಕೆ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರ ಮಾತು ಆಧಾರ. ಈ ಮೌಸಿನ ಹೊಟ್ಟೆಯಡಿ ಕೆಂಪು ದೀಪವಿರುತ್ತದೆ, ಕಪ್ಪು ಮೇಜಿನ ಮೇಲೆ ಅದು ಹೆಚ್ಚು ಉರಿಯಬೇಕಾಗುತ್ತದೆ, ಬಿಳಿಯ ಮೇಲಾದರೆ ಕಮ್ಮಿ ಸಾಕು ಎಂದಿದ್ದರು ಅವರು. ನಮ್ಮ ಮನೆಯಲ್ಲಿ ಅತ್ಯಂತ ಬಿಳಿಯ ವಸ್ತುವೆಂದರೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ನನ್ನ ಪಂಚೆ. ಮಡಿಸಿ ಮೇಜಿನ ಮೇಲೆ ಹಾಸಿದೆ. ಒಳಗಿನಿಂದ ಬಂದ ನಮ್ಮಮ್ಮ ಅದನ್ನು ಕಂಡು, "ಏನೋ ಇದು, ಮೌಸಿಗೆ ಮಡಿ ಉಡಿಸಿದ್ದೀಯ?" ಎಂದರು. ಈ ಕ್ರಮ ಫಲ ಕೊಟ್ಟಿತೆಂದೇ ಇಂದಿಗೂ ನನ್ನ ನಂಬಿಕೆ. ಗಿರಿಜಾ ಅದರ ಮೇಲೆ ಕಾಫಿ ಚೆಲ್ಲದಿದ್ದರೆ ರುಜುವಾತೂ ಸಿಗುತ್ತಿತ್ತು.

ಮೂರನೆಯದು ಅಮ್ಮನ ಸಲಹೆ. "ನಿಮ್ಮಪ್ಪ ಟಾರ್ಚಿನ ಸೆಲ್ಲು ಬಿಸಿಲಿಗೆ ಇಡ್ತಿದ್ರು ಕಣೋ. ಜೀವ ಬರೋದು. ನಾನು ಹೆಂಗೂ ಮೇಲೆ ಸಂಡಿಗೆ ಒಣಗಿಸ್ತಿದ್ದೀನಿ, ಅದರ ಪಕ್ಕ ಇಡು."

ಇಟ್ಟೆ. ತಾರಸಿಯಲ್ಲಿ ಹಳೆಯ ಸೀರೆಯ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ, ಅದರ ಬದಿಗೊಂದು ತಟ್ಟೆಯಲ್ಲಿ ಸತ್ತ ನಾಲ್ಕು ಸೆಲ್ಲು. ಅಮ್ಮ ಕೊಡೆ ಹಿಡಿದು, ಕೋಲು ಹಿಡಿದು ಎರಡನ್ನೂ ಕಾಗೆಗಳಿಂದ ಕಾಯ್ದರು. ಸೆಲ್ಲುಗಳಿಗೆ ಜೀವವೇನೋ ಬಂತು. ನಾವೆಲ್ಲ ಸುತ್ತ ನಿಂತು ಸಂತೋಷಪಡುವಷ್ಟು ಹೊತ್ತು ಇದ್ದು, ಮತ್ತೆ ಹೋಯಿತು.

ಈಗ ನಾಲ್ಕನೆಯ ಕ್ರಮ. ಇದನ್ನು ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತಿದೆ.

ಒಂದು ಗುರುವಾರ ಸಂಜೆ ಮೂರನೆಯ ಜೋಡಿಯೂ ದಣಿದು ಮೌಸು ತತ್ತರಿಸತೊಡಗಿತು. ಮರುದಿನ ಬೆಳಿಗ್ಗೆ ಗುರುಮಲ್ಲಪ್ಪನವರು ಪತ್ರಿಕೆಯ ಕೊನೆಯ ಪ್ರೂಫ್ ನೋಡಿ ಒಪ್ಪಿಗೆ ಕೊಡಲು ಬರುವವರಿದ್ದರು. "ಹೋಗಿ ಹೊಸಾ ಸೆಲ್ಲು ತಂದ್ಬುಡಿ" ಎಂದಳು ಗಿರಿಜಾ. ಹೊಸದು ತರುವುದೆಂದರೆ ನನ್ನ ಇಲಾಖೆ ಸೋಲೊಪ್ಪಿಕೊಂಡಂತೆ! ಹಾಲಿನ ಗೋಡೆ ಗಡಿಯಾರದ ಕಡೆ ನೋಡಿದೆ. ಅದಕ್ಕೂ ಅಮ್ಮನ ಟೈಂಪೀಸಿಗೂ ಈಚೆಗಷ್ಟೇ ಹೊಸ ಸೆಲ್ಲು ಹಾಕಿದ್ದೆವು. ಗಡಿಯಾರಕ್ಕೆ ಬೇಕಾದ ಶಕ್ತಿಯಾದರೂ ಎಷ್ಟು? ದಣಿದ ಸೆಲ್ಲೂ ಮುಳ್ಳು ತಳ್ಳಬಲ್ಲದು. ವಯಸ್ಸಾದ ಅಧಿಕಾರಿಗಳನ್ನು ಹಗುರ ಹುದ್ದೆಗೆ ವರ್ಗ ಮಾಡುವುದಿಲ್ಲವೇ? ಗಡಿಯಾರದ್ದೊಂದು, ಟೈಂಪೀಸಿನದೊಂದು ಸೆಲ್ಲು ಮೌಸಿಗೆ ಬಂದವು. ಮೌಸಿನವೆರಡು ಅಲ್ಲಿಗೆ ಹೋದವು. ಯಾರಿಗೂ ಹೇಳಲಿಲ್ಲ. ಸರ್ಕಾರ ಎಲ್ಲವನ್ನೂ ಜನರಿಗೆ ಹೇಳಿ ಮಾಡುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಗುರುಮಲ್ಲಪ್ಪನವರು ಮಂಡಿಯಿಂದ ನೇರ ಓಡಿಬಂದರು. ದೊಡ್ಡ ಆಳು, ಹಣೆಯಲ್ಲಿ ವಿಭೂತಿ, ಮುಖದ ತುಂಬ ಬೆವರು. ಕೈಯಲ್ಲಿ ವಾಚಿರಲಿಲ್ಲ. ಬೆಲ್ಲದ ಕೈಗೆ ವಾಚು ಕಟ್ಟಿದರೆ ಇರುವೆ ಬರುತ್ತದೆಂದು ಅವರು ಹೇಳುತ್ತಿದ್ದುದುಂಟು.

"ತಡವಾಗೋಯ್ತು ಅಂತ ಓಡ್ಬಂದೆ ಕಣಮ್ಮ! ಶುಕ್ರವಾರ ಹತ್ತೂವರೆಗೆ ರಾಹುಕಾಲ ಬಂದ್ಬುಡ್ತದೆ. ಅಷ್ಟರೊಳಗೆ ಒಪ್ಪಿಗೆ ಕೊಟ್ಬುಡ್ಬೇಕು. ಟೈಮೆಷ್ಟಾಯ್ತು ಮೇಷ್ಟ್ರೇ?"

ಕಾಲೇಜಿಗೆ ರಜೆ ಶುರುವಾಗಿತ್ತು. ರಜೆಯಲ್ಲಿ ನಾನೂ ವಾಚು ಕಟ್ಟುವುದಿಲ್ಲ. ಕಂಪ್ಯೂಟರಿನ ಮೂಲೆಯಲ್ಲೊಂದು ಗಡಿಯಾರವಿತ್ತು, ನಿಜ. ಆದರೆ ಅದರ ಒಳಗಿನ ಬಿಲ್ಲೆಯಂಥ ಸೆಲ್ಲು ಎಂದೋ ಸತ್ತಿದ್ದರಿಂದ ಅದಕ್ಕೆ ದಿನವೂ ಜನವರಿ ಒಂದು! ನಾನು ಗಂಭೀರವಾಗಿ ಗೋಡೆಯತ್ತ ಕೈ ತೋರಿಸಿದೆ. ಒಂಬತ್ತು ಮುಕ್ಕಾಲು.

"ಓ, ಬೇಕಾದಷ್ಟು ಟೈಮದೆ ಬುಡಿ" ಎಂದು ಅವರು ಉಸಿರುಬಿಟ್ಟು ಕುಳಿತರು.

ಗಿರಿಜಾ ಪ್ರೂಫನ್ನು ಅವರ ಕೈಗಿತ್ತಳು. ಅವರು ಹಾಗೆ ಸುಮ್ಮನೆ ಓದಿ ಮುಗಿಸಬಹುದಿತ್ತು. ನಾನು ಬಿಡಬೇಕಲ್ಲ! ಮೌಸನ್ನು ಎತ್ತಿ ತೋರಿಸಿದೆ. ತಂತಿಯಿಲ್ಲದ್ದು ಎಂದೆ. ಸೆಲ್ಲು ಉಳಿಸುವ ನನ್ನ ಕ್ರಮಗಳನ್ನು ಒಂದರಿಂದ ಮೂರರವರೆಗೆ ವಿವರಿಸಿದೆ. ಕಾಫಿ ಬಂತು. ಪಂಚೆ ಬಂತು. ಗುರುಮಲ್ಲಪ್ಪನವರು ಸಂಕೋಚದ ಮನುಷ್ಯ, ಪ್ರತಿಯೊಂದಕ್ಕೂ "ಹೌದಾ?" ಎಂದರು. ಗಿರಿಜಾ ನನಗೆ ಕಣ್ಣಲ್ಲೇ ಏನೋ ಹೇಳಿದಳು. ಮುಂದುವರಿಸಿ ಎಂದು ಅರ್ಥ ಮಾಡಿಕೊಂಡೆ.

ಗಡಿಯಾರ ಹತ್ತೂಕಾಲು ತೋರಿಸುವಾಗ ಅವರೇ ಎದ್ದುನಿಂತರು. ಪ್ರೂಫಿನ ಮೇಲೆ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ತಂದಿದ್ದ ಎಲೆ ಅಡಿಕೆಯನ್ನು ಗಿರಿಜಾಳ ಕೈಗಿಟ್ಟು, "ಶಿವನ ಹೆಸ್ರಲ್ಲಿ ಅಚ್ಚಿಗೆ ಕಳ್ಸಮ್ಮ" ಎಂದರು.

ಅಷ್ಟರಲ್ಲಿ ಒಳಕೋಣೆಯ ಟಿವಿಯಿಂದ ಗಟ್ಟಿಯಾಗಿ ಒಂದು ಹಾಡು ಶುರುವಾಯಿತು. ಅಮ್ಮ ದಿನವೂ ನೋಡುವ ಧಾರಾವಾಹಿಯದು.

ಗುರುಮಲ್ಲಪ್ಪನವರ ಮುಖದ ನಗು ಅಲ್ಲೇ ನಿಂತಿತು. "ಇದು ಹನ್ನೊಂದು ಗಂಟೆ ಸೀರಿಯಲ್ಲಲ್ವಾ? ನಮ್ ಮನೆಯವ್ಳೂ ನೋಡ್ತಾಳೆ."

"ಹೌದು, ಹನ್ನೊಂದಕ್ಕೆ ಸರಿಯಾಗಿ ಬರುತ್ತೆ" ಎಂದರು ಅಮ್ಮ ಒಳಗಿನಿಂದ. "ನನ್ನ ಟೈಂಪೀಸು ಬೆಳಗಿಂದ ಏನೋ ಕುಂಟ್ತಿದೆ ಕಣೋ!"

ನಾವು ಮೂವರೂ ಗೋಡೆ ನೋಡಿದೆವು. ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಮುಂದಿಡುವುದೋ ಬೇಡವೋ ಎಂದು ನಡುಗುತ್ತ ನಿಂತಿತ್ತು.

ಗಿರಿಜಾ ನನ್ನ ಕಡೆ ತಿರುಗಿದಳು. "ಏನ್ರೀ, ಗಡಿಯಾರದ ಸೆಲ್ಲು ಎಲ್ಲಿ?"

ನಾನು ಮೌಸಿನ ಕಡೆ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು.

"ರಾಹುಕಾಲದ ಹೊಟ್ಟೆ ಒಳ್ಗೆ ಕೂತ್ಕೊಂಡು ನನ್ ಮಗಳ ಪತ್ರಿಕೆಗೆ ಒಪ್ಪಿಗೆ ಕೊಡ್ಸ್‌ಬುಟ್ರಲ್ಲ ಮೇಷ್ಟ್ರೇ!" ಗುರುಮಲ್ಲಪ್ಪನವರ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು. "ಈ ಪತ್ರಿಕೆ ಬ್ಯಾಡ ಬುಡಿ. ಒಂಟಿಕೊಪ್ಪಲಲ್ಲಿ ನಮ್ಮೋರೊಬ್ರು ಪ್ರೆಸ್ ಇಟ್ಟವ್ರೆ. ಅಲ್ಲೇ ಮಾಡ್ಸ್ತೀನಿ."

ಗಿರಿಜಾಳ ಎಲೆ ಅಡಿಕೆ ಹಿಡಿದ ಕೈ ಹಾಗೇ ಇತ್ತು.

ಅವರು ಚಪ್ಪಲಿ ಮೆಟ್ಟಲು ಬಾಗಿಲಿಗೆ ಹೋದವರು ಹೊಸಿಲ ಹತ್ತಿರ ನಿಂತರು. ಒಂದು ಕಾಲು ಎತ್ತಿದರು. ಮತ್ತೆ ಇಳಿಸಿದರು. ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕುಳಿತರು.

"ಮದ್ವೆ ಕೆಲಸಕ್ಕೆ ರಾಹುಕಾಲದಲ್ಲಿ ಹೊರಡೋ ಹಂಗಿಲ್ಲ. ಹನ್ನೆರಡಾಗ್ಲಿ. ಆಮೇಲೆ ಹೋಗ್ತೀನಿ."

ಹೀಗೆ ಗುರುಮಲ್ಲಪ್ಪನವರು ನಮ್ಮ ಮನೆಯಲ್ಲಿ ಸೆರೆಯಾದರು. ಕೋಪ ಬಂದ ಅತಿಥಿ ಹೋಗಲೂ ಆಗದೆ, ಇರಲೂ ಮನಸ್ಸಿಲ್ಲದೆ ಎದುರಿಗೆ ಕೂತಿರುವಾಗ ಮನೆಯ ಯಜಮಾನ ಏನು ಮಾಡಬೇಕು? ಹವಾಮಾನದ ಬಗ್ಗೆ ಮಾತೆತ್ತಿದೆ. ಬೆಲ್ಲದ ಧಾರಣೆ ಕೇಳಿದೆ. ಮೈಸೂರು ಅರಸರು ಪಂಚಾಂಗ ಹೇಗೆ ಪಾಲಿಸುತ್ತಿದ್ದರೆಂದು ಶುರುಮಾಡಿದೆ. "ಟೈಮೆಷ್ಟು?" ಎಂದರು ಅವರು. ಅಮ್ಮ ಒಳಗಿನಿಂದ "ಇನ್ನೂ ಎರಡು ಸೀರಿಯಲ್ಲು ಇದೆ" ಎಂದರು.

ಗಿರಿಜಾ ಅಡುಗೆಮನೆಗೆ ಹೋಗಿದ್ದಳು. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು. ಆ ಸದ್ದು ಕೇಳುತ್ತ ಕೂತಾಗ ನಾನು ಉಳಿಸಿದ್ದೇನು, ಕಳೆದದ್ದೇನು ಎಂದು ಯೋಚಿಸಿದೆ. ಎರಡು ಸೆಲ್ಲಿಗಾಗಿ ಅವಳ ಕೈಗೆ ಬಂದಿದ್ದ ಮೊದಲ ದೊಡ್ಡ ಕೆಲಸ. ನನ್ನ ಬುದ್ಧಿಯ ಬಗ್ಗೆ ನನಗಿದ್ದ ಅಭಿಪ್ರಾಯ ಆ ಹೊತ್ತಿನಲ್ಲಿ ಸಾಕಷ್ಟು ಸಣ್ಣದಾಯಿತು.

ನನ್ನ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಇರಬೇಕು, ಗುರುಮಲ್ಲಪ್ಪನವರು ಮೇಜಿನ ಮೇಲಿದ್ದ ಪ್ರೂಫನ್ನು ಎತ್ತಿಕೊಂಡರು. ಬೇರೆ ಕೆಲಸವಿಲ್ಲದ್ದರಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. 'ಸುಖಾಗಮನ ಬಯಸುವವರು' ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಮೇಲೆ ಹೋಯಿತು. ಕೆಳಗೆ ಬಂತು.

"ಅಮ್ಮಾ, ಬಾ ಇಲ್ಲಿ!"

ಗಿರಿಜಾ ಕೈ ಒರೆಸಿಕೊಂಡು ಬಂದಳು.

"ನಮ್ಮಣ್ಣ ಎಲ್ಲವ್ನೆ ಇದ್ರಲ್ಲಿ?"

ಕಡಕೊಳದಲ್ಲಿದ್ದ ಅವರ ಸ್ವಂತ ಅಣ್ಣ, ಹುಡುಗಿಯ ದೊಡ್ಡಪ್ಪ, ಪತ್ರಿಕೆಯಲ್ಲಿ ಎಲ್ಲೂ ಇರಲಿಲ್ಲ! ಗಿರಿಜಾ ಅವರು ಬರೆದುಕೊಟ್ಟಿದ್ದ ಹಾಳೆ ತಂದು ಪಕ್ಕದಲ್ಲಿಟ್ಟಳು. ಅದರಲ್ಲೂ ಇರಲಿಲ್ಲ. ಊರೆಲ್ಲರ ಹೆಸರು ಬರೆದವರು ಒಡಹುಟ್ಟಿದವರನ್ನೇ ಮರೆತಿದ್ದರು.

"ಇದು ಅಚ್ಚಾಗಿದ್ರೆ ಅವ್ನು ಮದ್ವೆಗೆ ಬರಾದು ಅಂಗಿರ್ಲಿ, ನನ್ ಹೆಣಕ್ಕೂ ಬರ್ತಿರ್ಲಿಲ್ಲ" ಎಂದು ಗುರುಮಲ್ಲಪ್ಪನವರು ಹಣೆ ಒತ್ತಿಕೊಂಡರು. "ಗಡಿಯಾರ ನೆಟ್ಟಗಿದ್ದಿದ್ರೆ ಹತ್ತೂವರೆ ಒಳ್ಗೆ ಹೂಂ ಅಂದು ಹೊಂಟೋಗಿರ್ತಿದ್ದೆ."

ನನಗೆ ಸಣ್ಣಗೆ ಧೈರ್ಯ ಬಂತು. "ಹಾಗೆ ನೋಡಿದರೆ, ನಾನು ಸೆಲ್ಲು ಬದಲಾಯಿಸಿದ್ದರಿಂದಲೇ..." ಎಂದೆ.

"ನೀವು ಸುಮ್ನಿರಿ" ಎಂದರು ಇಬ್ಬರೂ ಒಟ್ಟಿಗೆ.

ಅಮ್ಮನ ಎರಡನೆಯ ಸೀರಿಯಲ್ಲು ಮುಗಿದ ಮೇಲೆ, ಅಣ್ಣನ ಹೆಸರನ್ನು ಎಲ್ಲರಿಗಿಂತ ಮೇಲೆ ಕೂರಿಸಿಕೊಂಡ ಹೊಸ ಪ್ರೂಫಿಗೆ ಹೊಸದಾಗಿ ಒಪ್ಪಿಗೆಯಾಯಿತು. ಊಟವೂ ನಮ್ಮಲ್ಲೇ ಆಯಿತು. ಹೊರಡುವಾಗ ಗುರುಮಲ್ಲಪ್ಪನವರು ಗಿರಿಜಾಳಿಗೆ ಹೇಳಿದರು: "ಕೆಲ್ಸ ನಿಂದೇ ಕಣಮ್ಮ. ಕಿರಿಮಗಳ ಮದ್ವೇದೂ ನಿಂದೇ. ಆದ್ರೆ ಒಂದು ಮಾತು. ಮೇಷ್ಟ್ರು ಆ ಮಷೀನ್ ಹತ್ರ ಬರ್ಬಾರ್ದು."

"ಬರೋದಿಲ್ಲ" ಎಂದು ನನ್ನ ಪರವಾಗಿ ಗಿರಿಜಾ ಮಾತು ಕೊಟ್ಟಳು.

ಅವಳೇ ಅಂಗಡಿಗೆ ಹೋಗಿ ಒಂದು ಜೋಡಿ ಸೆಲ್ಲು ತಂದು ಹಾಕಿದಳು. ನಾನು ಬಿಚ್ಚಲಿಲ್ಲ, ಒಣಗಿಸಲಿಲ್ಲ, ವರ್ಗ ಮಾಡಲಿಲ್ಲ. ಪತ್ರಿಕೆ ಅಚ್ಚಾಯಿತು, ಮದುವೆಯಾಯಿತು, ಮಳೆಗಾಲ ಕಳೆಯಿತು. ಆ ಸೆಲ್ಲುಗಳು ನಡೆಯುತ್ತಲೇ ಇದ್ದವು. ದಸರೆಯವರೆಗೂ ಬಂದವೆಂದು ನನ್ನ ನೆನಪು. ಗಿರಿಜಾ ದೀಪಾವಳಿ ಎನ್ನುತ್ತಾಳೆ. ಈ ವಿಷಯದಲ್ಲಿ ವಾಲುವುದು ಯಾರ ನೆನಪೋ, ವಾದಿಸುವ ಸ್ಥಿತಿಯಲ್ಲಿ ನಾನಿಲ್ಲ.

ಮುಂದೊಂದು ಭಾನುವಾರ ಮಧ್ಯಾಹ್ನ ಗಿರಿಜಾ ಕಪಾಟು ಒರೆಸುವಾಗ ಮೌಸಿನ ಡಬ್ಬಿ ಸಿಕ್ಕಿತು. ಅದರೊಳಗೆ ನಾನು ಬಿಡಿಸಿ ನೋಡದಿದ್ದ ಪುಟ್ಟ ಕೈಪಿಡಿ. ಗಿರಿಜಾ ಗಟ್ಟಿಯಾಗಿ ಓದಿದಳು. ಈ ಮೌಸನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಅದು ತಾನಾಗಿಯೇ ನಿದ್ದೆ ಹೋಗುತ್ತದೆ, ಸೆಲ್ಲು ಉಳಿಸಲು ಬೇರೇನೂ ಮಾಡಬೇಕಿಲ್ಲ ಎಂದಿತ್ತು ಅದರಲ್ಲಿ.

ಓದಿ ಮುಗಿಸಿ ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಯಾರೂ ನನ್ನನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ನನಗೂ ತಾನಾಗಿಯೇ ನಿದ್ದೆ ಬಂತು. ಆ ಮಧ್ಯಾಹ್ನ ಮನೆಯಲ್ಲಿ ಯಾವುದೂ ಕೆಡಲಿಲ್ಲ.