ಕೆಂಪು ಬಾಣ, ಬಲಗಡೆ ಹೂ

ದಾರಿ ಕೇಳುವವರಲ್ಲಿ ಎರಡು ಜಾತಿ. ಕೆಲವರು ದಾರಿ ತಿಳಿಯದೆ ಕೇಳುತ್ತಾರೆ. ಇನ್ನು ಕೆಲವರು ತಾವು ಹೊರಟ ದಾರಿಯೇ ಸರಿ ಎಂದು ಅನ್ನಿಸಿಕೊಳ್ಳಲು ಕೇಳುತ್ತಾರೆ. ನಾನು ಎರಡನೆಯ ಜಾತಿಯವನು. ಮುಚ್ಚಿಟ್ಟು ಪ್ರಯೋಜನವಿಲ್ಲ, ನಮ್ಮ ರಾಣೆಬೆನ್ನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒಮ್ಮೆ ಬ್ಯಾಡಗಿ ಕಡೆಯ ಹಳ್ಳಿಯೊಂದರ ಮದುವೆಗೆ ಹೆಂಡತಿ ಗಿರಿಜಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಕವಲಿನಲ್ಲಿ ಕುರಿ ಕಾಯುವವನೊಬ್ಬನನ್ನು "ಊರು ಈ ಕಡೆ ಹೌದಲ್ಲ?" ಎಂದೆ. "ಅಲ್ರೀ, ಆ ಕಡೆ" ಎಂದ. ಪಾಪ, ಅವನಿಗೇನು ಗೊತ್ತು ಎಂದುಕೊಂಡು ಮುಂದೆ ಹೋಗಿ ಇನ್ನೊಬ್ಬರನ್ನು ಕೇಳಿದೆ. ಅವರೂ ಹಾಗೇ ಅಂದರು. ಮೂರನೆಯವರು ಕಿವಿ ಮಂದವಾದ ಅಜ್ಜ. ನಾನು ಕೈ ತೋರಿಸಿದ ಕಡೆಗೆಲ್ಲ ಸಂತೋಷದಿಂದ ತಲೆಯಾಡಿಸಿದರು. ಅವರನ್ನು ನಂಬಿ ಹೋದೆ. ನಾವು ಮುಟ್ಟುವಷ್ಟರಲ್ಲಿ ಊಟದ ಪಾತ್ರೆ ತೊಳೆಯುತ್ತಿದ್ದರು.

ನನ್ನದು ದನಗಳ ಹಿಂಡಿಯ ಅಂಗಡಿ. ಹತ್ತಿಕಾಳಿನ ಹಿಂಡಿಯನ್ನು ಅಗ್ಗವಿದ್ದಾಗ ಕೊಂಡು ಗೋದಾಮು ತುಂಬಿಸುವುದು, ಎಮ್ಮೆ ಕಟ್ಟಿದವರಿಗೆ ವರ್ಷವಿಡೀ ಮಾರುವುದು. ನಡುವೆ ದರ ಬಿದ್ದರೆ ನಮ್ಮ ಬಂಡವಾಳವೆಲ್ಲ ಕೂತಲ್ಲೇ ಕರಗುತ್ತದೆ. ಅದಕ್ಕೊಂದು ಉಪಾಯ ವಾಯದಾ ವ್ಯಾಪಾರ. ಮುಂದಿನ ತಿಂಗಳ ಹಿಂಡಿಯನ್ನು ಇವತ್ತಿನ ದರಕ್ಕೇ ಮಾರಿಟ್ಟರೆ, ದರ ಬಿದ್ದಾಗ ಗೋದಾಮಿನಲ್ಲಿ ಹೋದದ್ದು ವಾಯದಾದಲ್ಲಿ ಬರುತ್ತದೆ. ಯಾವಾಗ ಮಾರಿಡಬೇಕು, ಮಾರಿಟ್ಟದ್ದನ್ನು ಯಾವಾಗ ಮರಳಿ ಕೊಂಡು ಬಿಡಿಸಿಕೊಳ್ಳಬೇಕು ಎನ್ನುವುದೇ ತಲೆನೋವು. ವಾಯದಾದಲ್ಲೇ ತಲೆ ಬೆಳ್ಳಗಾಗಿಸಿಕೊಂಡ ಹಾವೇರಿಯ ಗೆಳೆಯ ಚನ್ನಬಸಪ್ಪ ನನ್ನ ಫೋನಿನಲ್ಲಿ ಒಂದು ಗೆರೆ ಹಾಕಿಕೊಟ್ಟರು. ಹಿಂದಿನ ಕೆಲವು ವಾರಗಳ ದರದ ಸರಾಸರಿಯ ಗೆರೆ ಅದು. ದರ ಆ ಗೆರೆಯ ಮೇಲಿದ್ದರೆ ಹಸಿರು ಬಾಣ, ಕೆಳಗಿಳಿದರೆ ಕೆಂಪು ಬಾಣ.

"ಸಂಜಿಗೆ ಪ್ಯಾಟಿ ಮುಚ್ಚಿದ ಮ್ಯಾಲೆ ದಿನದ ಬಾಣ ಒಮ್ಮೆ ನೋಡ್ರಿ. ಕೆಂಪಿದ್ರ ಮಾರಿಡ್ರಿ, ಹಸಿರಾದ್ರ ಬಿಡಿಸಿಕೋರಿ. ನಡುವ ನಿಮ್ಮ ಬುದ್ಧಿ ಹಚ್ಚಬ್ಯಾಡ್ರಿ" ಎಂದರು. ಕಡೆಯ ಮಾತೊಂದು ನನಗೆ ಹಿಡಿಸಲಿಲ್ಲ.

ಬಾಣದ ಮೇಲೆ ಮಾತ್ರ ನನಗೆ ಮೊದಲ ದಿನವೇ ಗೌರವ ಹುಟ್ಟಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ನನ್ನ ಸಡ್ಡಕ, ಹಿಂಡಿಯ ದರ ಯಾಕೆ ಏರುತ್ತದೆ ಎಂದು ಎರಡು ಕಪ್ ಚಹಾ ಮುಗಿಯುವವರೆಗೆ ವಿವರಿಸುತ್ತಾನೆ. ಮರುದಿನ ಅದು ಇಳಿದರೆ ಮೂರನೆಯ ಕಪ್ಪಿಗೆ ಅದರ ಕಾರಣವನ್ನೂ ಹೇಳುತ್ತಾನೆ. ಬಾಣಕ್ಕೆ ಈ ಚಟವಿಲ್ಲ. ಯಾಕೆ ಎನ್ನುವುದಿಲ್ಲ, ಎತ್ತ ಎಂದಷ್ಟೇ ಹೇಳುತ್ತದೆ. ಇಷ್ಟು ಕಡಿಮೆ ಮಾತಾಡಿ ಇಷ್ಟು ಉಪಕಾರ ಮಾಡುವವರು ನಮ್ಮ ಬಳಗದಲ್ಲೇ ಯಾರೂ ಇಲ್ಲ.

ಗೋದಾಮು ತಗಡಿನವರೆಗೂ ತುಂಬಿದ್ದ ಹೊತ್ತಿನಲ್ಲೇ ದಿನದ ಬಾಣ ಕೆಂಪಾಯಿತು. ನನಗೆ ಆಗ ದರ ಏರಬೇಕಿತ್ತು. ಏರಬೇಕು ಅಂದ ಮೇಲೆ ಕೆಂಪು ಹೇಗೆ ಸರಿಯಾದೀತು? ಫೋನಿನಲ್ಲಿ ಒಂದು ಅನುಕೂಲವಿದೆ. ದಿನದ ಬಾಣ ಬೇಡವಾದರೆ, ಗಂಟೆಗೊಮ್ಮೆಯ ದರದಿಂದ ಲೆಕ್ಕ ಹಾಕುವ ಗಂಟೆಯ ಬಾಣ ನೋಡಬಹುದು. ನೋಡಿದೆ, ಕೆಂಪು. ಹದಿನೈದು ನಿಮಿಷದ್ದು, ಅದೂ ಕೆಂಪು. ಐದು ನಿಮಿಷದ್ದಕ್ಕೆ ಬಂದೆ ನೋಡಿ, ಹಸಿರು! ಅಂಗಡಿಯಲ್ಲೇ ಎದ್ದು ನಿಂತೆ. ಎಲ್ಲರಿಗೂ ಗಿರಮಿಟ್ಟು ತರಿಸಿದೆ. ವಾಯದಾದಲ್ಲಿ ಮಾರಿಡುವುದು ಒತ್ತಟ್ಟಿಗಿರಲಿ, ಇನ್ನೊಂದು ಲಾರಿ ಹಿಂಡಿ ಇಳಿಸಿಕೊಂಡೆ.

ದರ ಬೀಳತೊಡಗಿತು. ನಾನು ಊಟ ಬಿಟ್ಟೆ. ಊಟ ಬಿಟ್ಟ ಕೂಡಲೇ ಗಿರಿಜಾಳಿಗೆ ಗೊತ್ತಾಗುತ್ತದೆ, ಯಾಕೆಂದರೆ ಬೇರೆ ಯಾವ ದುಃಖಕ್ಕೂ ನಾನು ರೊಟ್ಟಿ ಬಿಟ್ಟವನಲ್ಲ.

"ಬಾಣ ಏನ್ ಹೇಳತೈತ್ರಿ?" ಎಂದಳು.

"ಐದು ನಿಮಿಷದ್ದು ಆಗಾಗ ಹಸಿರಾಗತೈತಿ."

"ಚನ್ನಬಸಪ್ಪಣ್ಣಾರು ಯಾವುದು ನೋಡ್ರಿ ಅಂದಿದ್ರು?"

ನಾನು ಫ್ಯಾನಿನ ಕಡೆ ನೋಡಿದೆ. "ಇತ್ತಾಗ ಕೊಡ್ರಿ ಫೋನು" ಎಂದಳು.

ಈ ಮನೆಯಲ್ಲಿ ನನ್ನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಗಿರಿಜಾಳ ತವರು ಕದರಮಂಡಲಗಿಯ ಹತ್ತಿರ. ಅವರ ಮನೆತನದವರು ಯಾವ ಕೆಲಸಕ್ಕೂ ಮೊದಲು ಮನೆದೇವರಿಗೆ ಎರಡೂ ಬದಿ ಹೂ ಹಚ್ಚಿ ಕೇಳುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನಮ್ಮ ಸಂಬಂಧಕ್ಕೆ ಬಲಗಡೆ ಹೂವಾಯಿತೆಂದು ಮಾವನವರು ಹಂದರದಲ್ಲೇ ಸಾರಿದ್ದರು. ಅಂದಿನಿಂದ ಪ್ರತಿ ಜಗಳದಲ್ಲೂ ನಾನು ಅದನ್ನೇ ಎಸೆಯುತ್ತೇನೆ. ಅವತ್ತೂ ಎಸೆದೆ: "ದೇವರು ಬಲಗಡೆ ಕೊಟ್ಟ ಗಂಡನ ಮ್ಯಾಲೆ ಇಷ್ಟೂ ನಂಬಿಗಿ ಇಲ್ಲೇನ?" ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು.

ಮುಂದಿನದನ್ನು ಹೊಗಳದೆ ಹೇಳಲು ನನ್ನಿಂದಾಗದು. ಸಂಜೆ ಪೇಟೆ ಮುಚ್ಚಿದ ಮೇಲೆ ಒಮ್ಮೆ ನೋಡಿದಳು. ಕೆಂಪಿತ್ತು. ಮರುದಿನ ಬೆಳಿಗ್ಗೆ ಮಾರಿಡಿಸಿದಳು. ಆಮೇಲೆ ಫೋನನ್ನು ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟು ತನ್ನ ಕೆಲಸಕ್ಕೆ ಹೋದಳು. ಒಂದು ದಿನ ದರ ಚಂಗನೆ ನೆಗೆಯಿತು. "ಲಗೂ ಬಿಡಿಸಿಕೋ, ವಾಯದಾದಾಗ ಮುಳುಗಿದ್ವಿ!" ಎಂದು ನಾನು ಕುಣಿದೆ. "ಗೆರಿ ದಾಟೈತೇನ್ರಿ?" ಎಂದಳು. ದಾಟಿರಲಿಲ್ಲ. "ಮತ್ತ ಯಾಕ ಕುಣ್ಯಾಕತ್ತೀರಿ?" ದರ ಮತ್ತೆ ಬಿತ್ತು. ಇನ್ನೂ ಪಾತಾಳಕ್ಕೆ ಹೋಗುತ್ತದೆ ಎಂದು ನನಗೆ ಖಾತ್ರಿಯಾದ ಹೊತ್ತಿಗೆ ಬಾಣ ಹಸಿರಾಯಿತು, ಅವಳು ಬಿಡಿಸಿಕೊಂಡಳು. ಗೋದಾಮಿನಲ್ಲಿ ಕರಗಿದ್ದು ಬಹುಮಟ್ಟಿಗೆ ವಾಯದಾದಲ್ಲಿ ಬಂದಿತ್ತು, ಅಂಗಡಿ ಉಳಿಯಿತು. ಮುಂದೆ ಬಾಣ ಒಂದೆರಡು ಸಲ ಸುಳ್ಳನ್ನೂ ಹೇಳಿದೆ. ಆಗಲೂ ಅವಳು, ಹುಳುಕು ಬದನೆಕಾಯಿ ಬಂದರೆ ಕತ್ತರಿಸಿ ಎಸೆಯುವ ಹಾಗೆ, ಸಣ್ಣ ನಷ್ಟ ತೆಗೆದುಕೊಂಡು ಮುಂದೆ ನಡೆದಳು. ಅತ್ತಿಲ್ಲ, ಚನ್ನಬಸಪ್ಪನವರನ್ನು ಬೈದಿಲ್ಲ. ಖರೇ ಹೇಳುತ್ತೇನೆ, ನನಗೆ ಅವಳ ಮೇಲೆ ಭಕ್ತಿಯೇ ಹುಟ್ಟಿತು.

ಮೊನ್ನೆ ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದಾಗ ಕೇಳಿಯೇಬಿಟ್ಟೆ. "ಅಲ್ಲಲೇ, ನನಗ ಆಗಲಾರದ್ದು ನಿನಗ ಹೆಂಗ ಆಗತೈತಿ?"

"ದೇವರಿಗೆ ಹೂ ಕೇಳಿದಂಗರೀ. ಒಮ್ಮೆ ಕೇಳಬೇಕು, ಸುಮ್ಮನಾಗಬೇಕು. ಬ್ಯಾಡ ಅಂದ ಮ್ಯಾಲೂ ಮತ್ತ ಮತ್ತ ಕೇಳಿದ್ರ, ದೇವರೂ ಬ್ಯಾಸತ್ತು ಹೂಂ ಅಂದುಬಿಡ್ತಾನ."

ನಾನು ಎದೆಯುಬ್ಬಿಸಿದೆ. "ಅದಕ್ಕ ನೋಡು, ನಮ್ಮ ಸಂಬಂಧಕ್ಕ ಬಲಗಡೆನ ಬಿತ್ತು!"

"ಅದು ಮೂರನೇ ಸಲಕ್ಕ ಬಿದ್ದದ್ದು" ಎಂದಳು, ತಲೆ ಎತ್ತದೆ. "ಮೊದಲೆರಡು ಸಲ ಎಡಗಡೆನ ಬಿದ್ದಿತ್ತು. ಅಪ್ಪಾರು, ‘ಏಳ್ರಿ, ಮನಿಗೆ ಹೋಗೂಣು’ ಅಂದ್ರು."

ಎದೆ ತಾನಾಗಿ ಇಳಿಯಿತು. "ಮತ್ತ ಮೂರನೇ ಸಲ ಯಾರು ಕೇಳಿದ್ದು?"

ಅವಳ ಕೈ ನಿಂತಿತು. "ನಾನ. ಅಪ್ಪಾರ ಅಂಗಿ ಜಗ್ಗಿ, ‘ಇನ್ನೊಮ್ಮೆ ಕೇಳ್ರಿ’ ಅಂದ್ನಿ. ನೀವು ನನ್ನ ನೋಡಾಕ ಬಂದಾಗ ಅವಲಕ್ಕಿ ಎಲ್ಲಾ ಮೈಮ್ಯಾಲೆ ಚೆಲ್ಲಿಕೊಂಡು, ನಮಗಿಂತ ಮೊದಲ ನೀವ ನಕ್ಕುಬಿಟ್ರಲ್ಲ..."

"ಹಂಗಾರ ಒಮ್ಮೊಮ್ಮೆ ಇನ್ನೊಂದು ಸಲ ಕೇಳಿದ್ರ ಚಲೋನ ಆಗತೈತಿ!" ಎನ್ನುತ್ತಾ ಭರಣಿಯ ಪಕ್ಕದ ಫೋನಿಗೆ ಕೈ ಚಾಚಿದೆ.

ಅವಳು ಫೋನು ಸರಿಸಿದಳು. "ಚಲೋ ಆತೋ ಇಲ್ಲೋ, ಇನ್ನೂ ನೋಡಾಕತ್ತೇನಿ. ಅದಕ್ಕ ಅವತ್ತಿನಿಂದ ಯಾವುದನ್ನೂ ಎರಡನೇ ಸಲ ಕೇಳಿಲ್ಲ."

ಇಷ್ಟು ವರ್ಷ ಬಲಗಡೆ ಹೂ ಎಂದು ಮೆರೆದ ನಾನು ಅವಳ ಪಾಲಿನ ಐದು ನಿಮಿಷದ ಹಸಿರು ಬಾಣ! ಬಾಣಕ್ಕೆ ವಿರುದ್ಧವಾಗಿ ಅವಳು ಜೀವಮಾನದಲ್ಲಿ ಹಿಡಿದ ಸೌದಾ ಇದೊಂದೇ, ದರ ಎಷ್ಟು ಬಿದ್ದರೂ ಇನ್ನೂ ಬಿಟ್ಟಿಲ್ಲ. ಬಿಡುವ ವಿಚಾರ ಬರದಿರಲೆಂದು ನಾನೂ ಪಕ್ಕದಲ್ಲಿ ಅವರೆಕಾಯಿ ಬಿಡಿಸಲು ಕುಳಿತೆ.