ಹೈಸ್ಕೂಲು ನೋಡಲು ಹೋದ ನಮ್ಮಪ್ಪ

ಮಗಳಿಗೆ ವರ ನೋಡಲು ಹೋಗುವ ಅಪ್ಪಂದಿರು ಊರಿಗೆ ನೂರು. ಎತ್ತು ನೋಡಲು ಹೋಗುವವರಂತೂ ಮನೆಗೊಬ್ಬರು! ಹೈಸ್ಕೂಲು ನೋಡಲು ಹೋದ ಅಪ್ಪ ಮಾತ್ರ ನಮ್ಮ ಸೀಮೆಗೆಲ್ಲ ಒಬ್ಬನೇ. ಆ ಪುಣ್ಯಾತ್ಮ ನನ್ನ ಪಾಲಿಗೇ ಬರಬೇಕೆ?

ಎಪ್ಪತ್ತರ ದಶಕದ ಕೊನೆ. ನನ್ನ ಏಳನೆಯ ಇಯತ್ತೆ ಮುಗಿದಿತ್ತು. ಅಳವಂಡಿ ಕಡೆಯ ಹಳ್ಳಿಯೊಂದರಲ್ಲಿ ಹೊಸದಾಗಿ ಸರಕಾರಿ ಹೈಸ್ಕೂಲು ಶುರುವಾಗಿತ್ತು. ಮೂರು ಕೋಣೆ, ಮೇಲೆ ತಗಡು. ಉಳಿದವರು ಮಕ್ಕಳ ಹೆಸರು ಹಚ್ಚಿ ಸುಮ್ಮನೆ ಮನೆಗೆ ಹೋದರು. ನಮ್ಮಪ್ಪ, "ನೋಡಲಾರದ ನಾ ಹೆಸರು ಹಚ್ಚಂಗಿಲ್ಲ" ಎಂದು ಹಬ್ಬದ ರುಮಾಲು ಸುತ್ತಿಕೊಂಡು, ಮಗಳಾದ ನನ್ನನ್ನೂ ಕರೆದುಕೊಂಡು ಹೊರಟ.

ಹೋದವನೇ ಗಣಿತ ನಡೆದಿದ್ದ ಕೋಣೆಗೆ ನುಗ್ಗಿ ಹಿಂದಿನ ಬೆಂಚಿನಲ್ಲಿ ಕುಳಿತುಬಿಟ್ಟ!

"ಯಾರ್ರಿ ನೀವು?" ಎಂದರು ಮಾಸ್ತರು.

"ನೀವು ನಡಸ್ರಿ ಸರ. ನಾ ಸುಮ್ನ ಕೇಳ್ತೀನಿ."

ಸುಮ್ಮನೆ ಎಲ್ಲಿ ಕೇಳಿದ? "ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ" ಎಂದ. ಮಾಸ್ತರು ಹೇಳಿದರು. "ಇನ್ನೂ ತಿಳೀಲಿಲ್ರಿ!" ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಡೆಗೆ ಆ ಮಾಸ್ತರು ಅವನ ಪಕ್ಕದಲ್ಲೇ ಬಂದು ಕುಳಿತು, ಬೆಂಚಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದರು. ಅಪ್ಪ ಕೈಮುಗಿದು ಎದ್ದ. "ಲೆಕ್ಕ ಈಗೂ ತಿಳೀಲಿಲ್ರಿ. ಆದ್ರ ನೀವು ಬೈಲಿಲ್ಲ ನೋಡ್ರಿ, ಅದು ಭಾಳ ಛಲೋ ಆತು."

ಬಾಗಿಲಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಿಜವಾಗಿ ಮಾನ ಹೋಗುವುದು ಇನ್ನೂ ಬಾಕಿಯಿತ್ತು!

ಹೆಡ್‌ಮಾಸ್ತರರ ಕೋಣೆ. ಒಳಗೆ ಇಬ್ಬರು ಮಾಸ್ತರರು, ಕಿಟಕಿಯ ತುಂಬ ಹುಡುಗರು. ಅಪ್ಪ ಗಟ್ಟಿ ದನಿಯಲ್ಲಿ ಕೇಳಿದ:

"ಸಾಲಿ ಛಲೋ ಐತ್ರಿ. ಹೆಣ್ಣು ಹುಡುಗ್ರು ಒಂದಕ್ಕ ಎಲ್ಲಿ ಹೋಗ್ತಾವ್ರಿ?"

ಹೆಡ್‌ಮಾಸ್ತರರು ಕೆಮ್ಮಿದರು. "ಹಿಂದ ಜಾಲಿ ಕಂಟಿ ಅದಾವಲ್ರಿ..."

"ಗಂಡು ಹುಡುಗ್ರು?"

"ಅವರೂ... ಅಲ್ಲೇ."

"ಹಂಗಾದ್ರ ಹೆಣ್ಣು ಹುಡುಗ್ರು ಯಾವಾಗ ಹೋಗಬೇಕ್ರಿ?"

ಅವರು ತಗಡು ನೋಡತೊಡಗಿದರು. ನಾನು ರಸ್ತೆಗೆ ಓಡಿದೆ.

ಅಪ್ಪ ಅಷ್ಟಕ್ಕೇ ಬಿಟ್ಟನೇ? ಹೆಡ್‌ಮಾಸ್ತರರನ್ನು ಒಪ್ಪಿಸಿ, ವಾರದೊಳಗೆ ಬಂಡಿಯ ತುಂಬ ಕಲ್ಲಿನ ಚಪ್ಪಡಿ ಹೇರಿಕೊಂಡು ಬಂದು, ಸಾಲಿಯ ಹಿಂದೆ ಹೆಣ್ಣು ಹುಡುಗರ ಮರೆಗೆಂದು ಸುತ್ತಲೂ ಆಳೆತ್ತರಕ್ಕೆ ನಿಲ್ಲಿಸಿದ. ನನ್ನ ಹೆಸರು ಹಚ್ಚಿದ್ದು ಆಮೇಲೆ. ಮೊದಲ ದಿನವೇ ಹುಡುಗರು ಅದಕ್ಕೆ ನಾಮಕರಣ ಮಾಡಿದರು: "ನಿಮ್ಮಪ್ಪನ ಗುಡಿ!" ನಾನು ತಲೆ ಎತ್ತಲಿಲ್ಲ. ಸತ್ತರೂ ಆ ಕಡೆ ಕಾಲಿಡಬಾರದೆಂದುಕೊಂಡೆ.

ಸಂಜೆ ಅವ್ವನ ಮುಂದೆ ಗೊಳೋ ಎಂದು ಅತ್ತೆ. "ಇಡೀ ಸಾಲೀನ ನಗತೈತಿ. ಕೆಡವು ಅಂತ ಅಪ್ಪಗ ಹೇಳಬೇ!"

ಅವ್ವ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದಳು.

"ದಿನಾ ಸಂಜೀತನಕ ತಡಕೊಂಡು ಕುಂದ್ರಾಕ ಆಗಲಾರದ ನಾ ನಾಕನೇ ಇಯತ್ತೆಕ್ಕ ಸಾಲಿ ಬಿಟ್ಟೆ. ಯಾಕ ಬಿಟ್ಟಿ ಅಂತ ಹಡದವರೂ ಕೇಳಲಿಲ್ಲ. ಲಗ್ನ ಆದಮ್ಯಾಲ ಕೇಳಿದಾಂವ ನಿಮ್ಮಪ್ಪ ಒಬ್ಬನ."

ಮರುದಿನ ಬಿಡುವಿನ ಗಂಟೆ ಬಾರಿಸಿದಾಗ, ಎಲ್ಲರ ಎದುರಿಗೇ ಆ ಕಲ್ಲುಗಳ ಕಡೆಗೆ ನಡೆದೆ. ಅಲ್ಲಿ ಆಗಲೇ ಮೂವರು ಹುಡುಗಿಯರು ಪಾಳಿ ಹಚ್ಚಿ ನಿಂತಿದ್ದರು.