ಮೇಷ್ಟ್ರ ಮನೆಯ ಸ್ನೇಹಪಾಠ

ಬೇಸಿಗೆ ರಜೆಯನ್ನು ಕಂಡುಹಿಡಿದ ಮಹಾನುಭಾವ ಯಾರೋ ಗೊತ್ತಿಲ್ಲ. ಆತ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಮಾತ್ರ ಅವನಿಗೊಂದು ಗತಿ ಕಾಣಿಸದೆ ಬಿಡುತ್ತಿರಲಿಲ್ಲ. ಬೀದಿಯ ಮಕ್ಕಳೆಲ್ಲ ಬೆಳಗಾಗುವುದೇ ತಡ ಹೊರಗೆ ಬಿದ್ದು ಗಂಟಲು ಹರಿಯುವಂತೆ ಕಿರುಚುತ್ತಿದ್ದರೆ, ಮೇಷ್ಟ್ರು ಕಿಟಕಿಯ ಈಚೆ ಕೂತು ತಮ್ಮ ಇಬ್ಬರು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡಬೇಕಾಗಿತ್ತು. ಹೊರಗೆ ಯಾರೋ "ಔಟ್" ಎಂದು ಕೂಗಿದರೆ ಒಳಗಿನ ಲೆಕ್ಕವೂ ಅಲ್ಲಿಗೇ ಔಟಾಗುತ್ತಿತ್ತು.

ಹಾಗೆ ನೋಡಿದರೆ ಮೇಷ್ಟ್ರು ಮೇಷ್ಟ್ರೇ ಅಲ್ಲ. ಪುಸ್ತಕಗಳು ಅಚ್ಚಾಗುವ ಮೊದಲು ಅವುಗಳ ಕರಡು ತಿದ್ದುವುದು ಅವರ ಕಸುಬು. ಕೆಂಪು ಪೆನ್ನು ಹಿಡಿದು ಮನೆಯಲ್ಲೇ ಕೂತು ಮಾಡುವ ಕೆಲಸ. ಎರಡು ವರ್ಷದ ಹಿಂದೆ ಮಕ್ಕಳನ್ನು ಶಾಲೆ ಬಿಡಿಸಿ "ಇನ್ನು ಮೇಲೆ ಇವರಿಗೆ ಮನೆಯೇ ಶಾಲೆ, ನಾನೇ ಗುರು" ಎಂದು ಘೋಷಿಸಿದ ದಿನ ಹೆಂಡತಿ ಅವರಿಗೆ ಈ ಬಿರುದನ್ನು ದಯಪಾಲಿಸಿದ್ದಳು. ಬಿರುದು ಅಂಟಿಕೊಂಡಿತು. (ಸಂಬಳ ಅಂಟಲಿಲ್ಲ.)

ಹೆಂಡತಿ ಫಿಸಿಯೋಥೆರಪಿಸ್ಟ್. ಹಿಡಿದುಕೊಂಡ ಕುತ್ತಿಗೆ, ಮಡಚಲಾಗದ ಮೊಣಕಾಲು ಇವನ್ನೆಲ್ಲ ಸರಿದಾರಿಗೆ ತರುವವಳು. ಈ ಊರಿನ ಆಸ್ಪತ್ರೆಯಲ್ಲಿ ಅವಳಿಗೆ ಒಳ್ಳೆಯ ಹುದ್ದೆ ಸಿಕ್ಕಿದ್ದರಿಂದಲೇ ಬೇಸಿಗೆಯ ಶುರುವಿನಲ್ಲಿ ಸಂಸಾರವೆಲ್ಲ ಇಲ್ಲಿಗೆ ಬಂದದ್ದು. ಮಗಳಿಗೆ ಹನ್ನೊಂದು. ಎಂಥ ಮಾತಿಗೂ ಎದುರು ವಾದ ಇಟ್ಟುಕೊಂಡಿರುತ್ತಿದ್ದ ಅವಳನ್ನು ಮನೆಯಲ್ಲಿ ಲಾಯರಮ್ಮ ಎನ್ನುತ್ತಿದ್ದರು. ಎಂಟು ವರ್ಷದ ಮಗ, ತೊಟ್ಟಿಲಲ್ಲಿದ್ದಾಗ ರಾಗ ಎಳೆದು ಎಳೆದು ಅಳುತ್ತಿದ್ದುದರಿಂದ, ಪಿಟೀಲು.

ತಕರಾರು ಎದ್ದದ್ದು ಮೇಷ್ಟ್ರ ಅಕ್ಕನ ಫೋನಿನಿಂದ. ಅಕ್ಕನಿಗೆ ತಮ್ಮನ ಮನೆಶಾಲೆ ಮೊದಲಿನಿಂದಲೂ ಕಣ್ಣಿಗೆ ಬಿದ್ದ ಕಸ.

"ಅಲ್ಲ ಕಣೋ, ಆ ಮಕ್ಕಳು ನಿನ್ನ ಮುಖ ಬಿಟ್ಟು ಇನ್ನೊಂದು ಮುಖ ನೋಡಿದಾವಾ? ಅದೂ ಹೊಸ ಊರು. ನಾಳೆ ನಾಲ್ಕು ಜನರ ಮುಂದೆ ನಿಂತ್ರೆ ಬಾಯಿ ಹೊಲಿದು ಹೋಗುತ್ತೆ, ನೋಡ್ತಿರು."

ಮೇಷ್ಟ್ರು ಫೋನಿಟ್ಟು ಹೆಂಡತಿಯ ಕಡೆ ನೋಡಿದರು. ಆಸರೆ ಸಿಗಬೇಕಾದ ಕಡೆ ಅವಳು ತಟ್ಟೆ ಒರೆಸುತ್ತಾ ನಿಂತಿದ್ದಳು.

"ಅತ್ತಿಗೆ ಹೇಳೋದ್ರಲ್ಲಿ ಏನು ತಪ್ಪಿದೆ ರೀ? ನಾನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀನಿ. ಇವರು ಯಾರ ಜೊತೆ ಮಾತಾಡ್ತಾರೆ ಅಂತ ನಂಗೇನು ಗೊತ್ತು."

"ನನ್ನ ಜೊತೆ ಮಾತಾಡ್ತಾರಲ್ಲ."

"ಅದೇ ನನ್ನ ಯೋಚನೆ."

ಕೊನೆಗೆ ಒಪ್ಪಂದವಾಯಿತು. ಬೀದಿಯ ಆ ತುದಿಯಲ್ಲಿ ಒಂದು ಶಾಲೆಯಿತ್ತು. ಅದು ಬಾಗಿಲು ತೆರೆಯುವ ಹೊತ್ತಿಗೆ ಮಕ್ಕಳಿಗೆ ಈ ಬೀದಿಯಲ್ಲಿ ಸ್ನೇಹಿತರಾಗಿರಬೇಕು. ಆಗಿರದಿದ್ದರೆ ಇಬ್ಬರೂ ಬ್ಯಾಗು ಹೆಗಲಿಗೇರಿಸಿ ಅಲ್ಲಿಗೇ ಹೋಗಬೇಕು. ಮೇಷ್ಟ್ರು ಮೀಸೆ ತಿರುವಿಕೊಂಡು ಒಪ್ಪಿದರೂ ಒಳಗೊಳಗೇ ಅವರ ಜೀವ ಹಾರಿಹೋಗಿತ್ತು. ಶಿಕ್ಷಣದ ಮೇಲೆ ಅವರಿಗಿದ್ದ ಸಿದ್ಧಾಂತಗಳೆಲ್ಲ ನಿಜವೇ. ಆದರೆ ಮಕ್ಕಳು ಶಾಲೆಗೆ ಹೋದರೆ ಈ ಗುರುತುಪರಿಚಯವಿಲ್ಲದ ಊರಿನಲ್ಲಿ ಹಗಲಿಡೀ ಮನೆಯಲ್ಲಿ ತಾವೊಬ್ಬರೇ ಉಳಿಯಬೇಕಲ್ಲ ಎಂಬ ಹೆದರಿಕೆಯೂ ಅಷ್ಟೇ ನಿಜ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ತಮಗೆ ತಾವೇ ಕೂಡ.

ಮೇಷ್ಟ್ರ ಪ್ರಕಾರ ಜಗತ್ತಿನಲ್ಲಿ ಪಾಠವಾಗದ ವಸ್ತುವಿಲ್ಲ. ಮರುದಿನವೇ ಗಣಿತ, ಭಾಷೆ, ವಿಜ್ಞಾನಗಳ ಸಾಲಿಗೆ ಸ್ನೇಹಶಾಸ್ತ್ರವೂ ಸೇರಿತು. ಮೊದಲು ಮುಗುಳ್ನಗೆ, ಆಮೇಲೆ ಪರಿಚಯ, ಆಮೇಲೆ ಬಿಸಿಲಿನ ಬಗ್ಗೆ ಎರಡು ಮಾತು, ಕೊನೆಗೆ ಕುಶಲೋಪರಿ. ಇದು ಸಿದ್ಧಾಂತ. ಪ್ರಯೋಗಕ್ಕಾಗಿ ಮೇಷ್ಟ್ರು ಅಡುಗೆಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ನೆರೆಮನೆಯವರಾದರು.

ಪಿಟೀಲು ಬಾಗಿಲು ತಟ್ಟಿದ.

"ಯಾರದು?"

"ನಾನೇ ಅಪ್ಪ."

"ನಾನು ನಿಮ್ಮಪ್ಪ ಅಲ್ಲಪ್ಪ, ಪಕ್ಕದ ಮನೆಯವನು."

"ಹಾಗಾದ್ರೆ ನೀವು ನಮ್ಮ ಅಡುಗೆಮನೇಲಿ ಏನ್ ಮಾಡ್ತಿದೀರಿ?" ಎಂದಳು ಲಾಯರಮ್ಮ.

ಮೇಷ್ಟ್ರು ಬಾಗಿಲು ತೆರೆದು, ನೆರೆಯವರಿಗೆ ಮೊದಲ ಭೇಟಿಯಲ್ಲೇ ಅಡ್ಡಪ್ರಶ್ನೆ ಹಾಕಬಾರದೆಂದು ತಿಳಿಹೇಳಿ, ಮತ್ತೆ ಬಾಗಿಲು ಹಾಕಿಕೊಂಡರು. ಈ ಸಲ ಪಿಟೀಲು ಹಲ್ಲು ಕಿರಿದು, ತನ್ನ ಪರಿಚಯ ಹೇಳಿ, "ಬಿಸಿಲು ಜಾಸ್ತಿ ಅಲ್ವಾ" ಎಂದು ಕೇಳಿ, ಕುಶಲದ ಜಾಗಕ್ಕೆ ಬರುವಷ್ಟರಲ್ಲಿ ಮರೆತು "ಬಿಸ್ಕತ್ತಿನ ಡಬ್ಬ ನಿಮ್ಮ ಹಿಂದೇನೇ ಇದೆ, ಒಂದು ಕೊಡಿ" ಎಂದ. ಮೇಷ್ಟ್ರು ನೂರಕ್ಕೆ ನಲವತ್ತು ಕೊಟ್ಟರು. ವಾರವಿಡೀ ಅಡುಗೆಮನೆ ಹೀಗೆ ನೆರೆಮನೆಯಾಗಿದ್ದರಿಂದ ಊಟ ಮಾತ್ರ ದಿನಾ ತಡವಾಗುತ್ತಿತ್ತು.

ನಿಜವಾದ ಪ್ರಯೋಗಕ್ಕೆ ಎದುರುಮನೆಯ ಟೈಲರನ್ನು ಆರಿಸಿದ್ದಾಯಿತು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮೇಷ್ಟ್ರು ಮುಂದೆ, ಮಕ್ಕಳು ಹಿಂದೆ. ಕೊರಳಿಗೆ ಟೇಪು ಹಾಕಿಕೊಂಡ ಟೈಲರ್ ಹೊರಗೆ ಬಂದು ನಿಂತ. ಮೇಷ್ಟ್ರು ಮಾದರಿಗಾಗಿ ತಾವೇ ಮುಗುಳ್ನಕ್ಕರು. ಅಲ್ಲಿಯವರೆಗೆ ಸರಿಯಾಗಿತ್ತು. ಪರಿಚಯದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಟ್ಟಿತು. ಕಣ್ಣನ್ನು ಎಲ್ಲಿಡುವುದೆಂದು ತೋಚದೆ ಮೇಲಕ್ಕೆ ನೋಡಿದರು.

"ನಿಮ್ಮ ಬೋರ್ಡಿನಲ್ಲಿ ಎರಡು ಕಾಗುಣಿತ ತಪ್ಪಿದೆ."

ಟೈಲರೂ ಮೇಲಕ್ಕೆ ನೋಡಿದ. "ಹೊಲಿಗೇಲಿ ಇಲ್ಲ ಸಾರ್," ಎಂದ.

ಮನೆಗೆ ಬಂದು ಮೇಷ್ಟ್ರು ಪಾಠದ ವಿಮರ್ಶೆ ನಡೆಸಿದರು. "ನೀವಿಬ್ಬರೂ ಬಾಯೇ ಬಿಡಲಿಲ್ಲವಲ್ಲ. ಅಲ್ಲೇ ಎಡವಟ್ಟಾಗಿದ್ದು." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೌದೆಂದು ತಲೆಯಾಡಿಸಿದರು. ಎಷ್ಟು ವಿನಯ, ಎಷ್ಟು ವಿಧೇಯತೆ ಎಂದು ಮೇಷ್ಟ್ರಿಗೆ ಕರುಳು ಚುರುಕ್ಕೆಂದಿತು. ಇಂಥ ಮಕ್ಕಳನ್ನು ಶಾಲೆಗೆ ಕಳಿಸಿ ಕೈತೊಳೆದುಕೊಳ್ಳುವುದುಂಟೇ.

ಇನ್ನೊಂದು ಸಂಜೆ ಪಾರ್ಕಿಗೆ ಹೋದರು. ಬೆಂಚಿನ ಮೇಲೆ ಕೆಲಸದಿಂದ ನಿವೃತ್ತರಾದ ಬಸ್ ಡ್ರೈವರ್ ಒಬ್ಬರು ಕೂತಿದ್ದರು. ಮೇಷ್ಟ್ರು ಮಕ್ಕಳನ್ನು ಜೋಕಾಲಿಯ ಕಡೆ ತಳ್ಳಿ "ಹೋಗಿ, ಬೆರೀರಿ" ಎಂದು ಅಪ್ಪಣೆ ಕೊಟ್ಟು, ತಾವು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ಹೊಸದಾಗಿ ಬಂದ್ರಾ ಸಾರ್?"

"ಹೌದು."

"ಊರು ಹಿಡಿಸ್ತಾ?"

"ಪರವಾಗಿಲ್ಲ."

ಡ್ರೈವರ್ ಇನ್ನೊಂದು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಚೀಲದಿಂದ ಕರಡು ತೆಗೆದು ಅದರೊಳಗೆ ತಲೆ ಹುದುಗಿಸಿಬಿಟ್ಟಿದ್ದರು. ಕತ್ತಲಾದ ಮೇಲೆಯೇ ತಲೆ ಎತ್ತಿದರು.

ಇದಾದ ಮೇಲೆ ಬೀದಿಯಲ್ಲಿ ಒಂದು ವಿಚಿತ್ರ ಬದಲಾವಣೆಯಾಯಿತು. ಟೈಲರ್ ಬಂದು "ಸಂಜೆ ಕೇರಂ ಆಡೋಕೆ ಬನ್ನಿ ಸಾರ್" ಎಂದ. ಡ್ರೈವರ್ ದಾರಿಯಲ್ಲಿ ನಿಲ್ಲಿಸಿ ಬೆಳಗಿನ ವಾಕಿಂಗಿಗೆ ಕರೆದರು, ಕರೆದದ್ದಲ್ಲದೆ ಕೈ ಹಿಡಿದುಕೊಂಡು "ಎಲ್ಲಾ ಸರಿಹೋಗುತ್ತೆ" ಎಂದರು. ಏನು ಸರಿಹೋಗಬೇಕು ಎಂದು ಹೇಳಲಿಲ್ಲ. ಬೇಕರಿಯ ಹೆಂಗಸು ಬ್ರೆಡ್ಡಿನ ಜೊತೆ ಒಂದು ಬನ್ನು ಹೆಚ್ಚಿಗೆ ಹಾಕಿ "ತಿನ್ನಿ ಅಣ್ಣಾ, ಮನಸ್ಸಿಗೆ ಹಚ್ಕೋಬೇಡಿ" ಎಂದಳು. ಮೇಷ್ಟ್ರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ಪುರುಸೊತ್ತಿಲ್ಲ, ಕರಡು ಕಳಿಸಬೇಕು. ಮನೆಗೆ ಬಂದು ಬನ್ನು ತಿನ್ನುತ್ತಾ ಹೆಂಡತಿಗೆ ವರದಿ ಒಪ್ಪಿಸಿದರು.

"ನೋಡಿದ್ಯಾ, ಬೀದಿ ಕರಗ್ತಾ ಇದೆ ಕಣೇ. ನನ್ನ ಪಾಠದ ಪ್ರಭಾವ."

"ಪಾಠ ಮಕ್ಕಳಿಗಲ್ವಾ ಮಾಡಿದ್ದು? ಕರಗಿದವರೆಲ್ಲ ನಿಮ್ಮನ್ನೇ ಯಾಕೆ ಕರೀತಿದ್ದಾರೆ?"

"ಗುರುವಿನ ಮೂಲಕ ಶಿಷ್ಯರಿಗೆ ಅಂತ," ಎಂದರು ಮೇಷ್ಟ್ರು. ಹೆಂಡತಿ ಮಲಗಲು ಎದ್ದು ಹೋದಳು.

ರಜೆ ಮುಗಿಯುತ್ತಾ ಬಂತು. ಅಂತಿಮ ಪರೀಕ್ಷೆ ಆಗಲೇಬೇಕಿತ್ತು. ಭಾನುವಾರ ಸಂಜೆ ಮಕ್ಕಳು ತಮ್ಮ ತಮ್ಮ ಸ್ನೇಹಿತರನ್ನು ಚಹಾಕ್ಕೆ ಕರೆಯಬೇಕು. ಬಂದವರ ಮುಖ ನೋಡಿ ಹೆಂಡತಿ ತೀರ್ಪು ಕೊಡುತ್ತಾಳೆ. ಮೇಷ್ಟ್ರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾರಾದರೂ ಒಬ್ಬರು ಬಂದರೆ ಸಾಕಪ್ಪಾ ಎಂದುಕೊಂಡು ಒಂದೇ ಒಂದು ಪೊಟ್ಟಣ ಬಿಸ್ಕತ್ತು ತಂದಿಟ್ಟರು.

ಮೊದಲು ಟೈಲರ್ ಬಂದ. ಹಿಂದೆಯೇ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆಮೇಲೆ ಡ್ರೈವರ್. ಬೇಕರಿಯ ಹೆಂಗಸು ಒಂದು ಟ್ರೇ ತುಂಬ ಬನ್ನಿನೊಂದಿಗೆ ಬಂದಳು (ಈ ಮನೆಯ ಬಿಸ್ಕತ್ತಿನ ಅಂದಾಜು ಅವಳಿಗೆ ಹೇಗೋ ಗೊತ್ತಾಗಿತ್ತು). ಕಿಟಕಿಯಾಚೆ ಬೇಸಿಗೆಯಿಡೀ ಕಿರುಚಿದ ಪಡೆ ಪೂರ್ತಿ ಒಳಗೆ ನುಗ್ಗಿ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳ ಮೇಲೆ ತಮ್ಮದೇ ಮನೆಯೆಂಬಂತೆ ಕೂತಿತು. ಕೊನೆಗೆ ಊರುಗೋಲು ಹಿಡಿದು ಬೀದಿ ತುದಿಯ ಶಾಲೆಯ ಹೆಡ್‌ಮಿಸ್ಸೇ ಬಂದರು. ಅವರ ಮೊಣಕಾಲು ಹೆಂಡತಿಯ ಆಸ್ಪತ್ರೆಯ ಗಿರಾಕಿ.

ಮೇಷ್ಟ್ರ ಎದೆ ಉಬ್ಬಿತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಸ್ನೇಹವನ್ನೂ ಕ್ರಮಬದ್ಧವಾಗಿ ಕಲಿಸಬಹುದು ಅನ್ನೋದಕ್ಕೆ ಇವತ್ತಿನ ಈ ಸಭೆಯೇ ಸಾಕ್ಷಿ. ಟೈಲರ್ ಅವರ ಮನೆ ಮುಂದೆ ನಾವು ಇಟ್ಟ ಆ ಮೊದಲ ಹೆಜ್ಜೆ..."

"ಯಾವ ಮೊದಲ ಹೆಜ್ಜೆ ಸಾರ್?" ಟೈಲರ್ ಮಧ್ಯೆ ಬಾಯಿ ಹಾಕಿದ. "ನೀವು ಲಾರಿಯಿಂದ ಸಾಮಾನು ಇಳಿಸೋವಾಗಲೇ ನಿಮ್ಮ ಈ ಮಗಳು ನಮ್ಮನೇಲಿ ನೀರು ಕುಡಿದು, ನನ್ನ ಮೆಷಿನ್ ತುಳಿದು ನೋಡಿ ಆಗಿತ್ತು."

"ಆದರೆ ಆವತ್ತು ನೀವು ಗುರುತೇ ಇಲ್ಲದ ಹಾಗೆ ನಿಂತಿದ್ರಲ್ಲ?"

"ನಿಮ್ಮ ಬೆನ್ನ ಹಿಂದೆ ನಿಂತು ಬಾಯಿ ಮೇಲೆ ಬೆರಳಿಟ್ಟು ತೋರಿಸಿದ್ಲು ಸಾರ್ ನಿಮ್ಮ ಮಗಳು. ನಾನೇನು ಮಾಡ್ಲಿ."

ಮೇಷ್ಟ್ರು ಮಗಳ ಕಡೆ ತಿರುಗಿದರು. ಲಾಯರಮ್ಮ ಮೊದಲ ಬಾರಿಗೆ ವಾದ ಸಿಗದೆ ಕಾಲಿನ ಹೆಬ್ಬೆರಳು ನೋಡಿಕೊಂಡಳು. ಉತ್ತರ ಕೊಟ್ಟವನು ಪಿಟೀಲು.

"ಮಧ್ಯಾಹ್ನ ನೀನು ಕೆಂಪು ಪೆನ್ನು ಹಿಡ್ಕೊಂಡ್ರೆ ನಿಂಗೆ ಏನೂ ಕೇಳಿಸಲ್ವಲ್ಲ ಅಪ್ಪ. ನಾವು ದಿನಾ ಹಿತ್ತಿಲ ಬಾಗಿಲಿಂದ ಹೋಗಿ ಆಡ್ಕೊಂಡು ಬರ್ತಿದ್ವಿ."

"ಹಾಗಾದ್ರೆ ನನ್ನ ಪಾಠ? ಅಡುಗೆಮನೆ ಬಾಗಿಲು ತಟ್ಟಿದ್ದು?"

"ನೀನು ಅಷ್ಟು ಇಷ್ಟಪಟ್ಟು ಹೇಳಿಕೊಡ್ತಿದ್ದೆ," ಎಂದಳು ಲಾಯರಮ್ಮ ಮೆಲ್ಲಗೆ. "ಬೇಡ ಅಂದ್ರೆ ನೊಂದ್ಕೋತೀಯ ಅಂತ."

"ನಿಮ್ಮನ್ನ ವಾಕಿಂಗಿಗೆ ಕರೀಬೇಕು ಅಂತ ಹೇಳಿದ್ದೂ ಇವಳೇ," ಎಂದರು ಡ್ರೈವರ್, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನುವಂತೆ. "ನಮ್ಮಪ್ಪನಿಗೆ ಇಲ್ಲಿ ಯಾರೂ ಇಲ್ಲ ತಾತ, ಒಬ್ಬರೇ ಇರ್ತಾರೆ, ಪಾಪ ಅಂದ್ಲು."

ಕೇರಂ, ವಾಕಿಂಗು, ಬನ್ನು ಎಲ್ಲವೂ ಒಟ್ಟಿಗೇ ಮೇಷ್ಟ್ರ ಕಣ್ಣಮುಂದೆ ಹಾದುಹೋದವು. ಅವರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಇಷ್ಟು ಸಣ್ಣ ಮಕ್ಕಳು ತಮ್ಮನ್ನು ಇಷ್ಟು ಸರಿಯಾಗಿ ಓದಿಕೊಂಡಿದ್ದಾರಲ್ಲ ಎಂದು ಕಣ್ಣು ತೇವವಾಯಿತು. ಚಹಾದ ಹಬೆಗೆ ಎಂದು ತೋರುವ ಹಾಗೆ ಕನ್ನಡಕ ಒರೆಸಿಕೊಂಡರು.

"ಸರಿ, ಮಕ್ಕಳು ಪಾಸು," ಹೆಂಡತಿ ತೀರ್ಪು ಕೊಟ್ಟಳು. "ಅವರು ಶಾಲೆಗೆ ಹೋಗಬೇಕಾಗಿಲ್ಲ."

ಮೇಷ್ಟ್ರಿಗೆ ಹೋದ ಉಸಿರು ಬಂದಂತಾಯಿತು. ಹೇಗಾದರೇನು, ಗೆದ್ದದ್ದು ಗೆದ್ದದ್ದೇ. ಅಷ್ಟರಲ್ಲಿ ಲಾಯರಮ್ಮನಿಗೆ ಕಳೆದುಹೋದ ವಾದ ಸಿಕ್ಕಿತ್ತು.

"ಸ್ನೇಹಿತರು ಇಲ್ಲದೇ ಇರೋರು ಶಾಲೆಗೆ ಹೋಗಿ ಜನರ ಜೊತೆ ಬೆರೆಯೋದು ಕಲೀಬೇಕು ಅಂತ ತಾನೇ ಒಪ್ಪಂದ? ಅಪ್ಪ, ಈ ಬೀದೀಲಿ ನಿನ್ನ ಸ್ನೇಹಿತರು ಯಾರು, ಒಬ್ಬರನ್ನ ತೋರಿಸು."

ಮೇಷ್ಟ್ರು ಸಭೆಯನ್ನು ಒಂದು ಸುತ್ತು ನೋಡಿದರು. ಟೈಲರನ ಕೇರಂಗೆ ಹೋಗಿರಲಿಲ್ಲ. ಡ್ರೈವರಿಗೆ ಪುರುಸೊತ್ತಿಲ್ಲ ಎಂದಿದ್ದರು. ಬೇಕರಿಯವಳಿಗೆ ಬನ್ನಿನ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಕೊನೆಗೆ ದಿಕ್ಕುಗಾಣದೆ ಪಿಟೀಲಿನ ಕಡೆ ಬೆರಳು ತೋರಿಸಿದರು.

"ಮನೆಯವರು ಲೆಕ್ಕಕ್ಕಿಲ್ಲ," ಎಂದ ಪಿಟೀಲು.

ಹೆಡ್‌ಮಿಸ್ ಊರುಗೋಲನ್ನು ಒಂದು ಸಲ ನೆಲಕ್ಕೆ ಕುಟ್ಟಿದರು. "ನಮ್ಮ ಶಾಲೆ ಲೈಬ್ರರಿಗೆ ಬೀಗ ಬಿದ್ದು ವರ್ಷವಾಯ್ತು. ನೋಡಿಕೊಳ್ಳೋಕೆ ಯಾರೂ ಇಲ್ಲ. ಬೆಳಿಗ್ಗೆ ಎರಡು ಗಂಟೆ ಕೂತ್ರೆ ಸಾಕು. ಮಕ್ಕಳು ಬರ್ತಾರೆ, ಹೋಗ್ತಾರೆ, ಮಾತಾಡಿಸ್ತಾರೆ. ಏನಂತೀರಿ?"

"ಹೋಗ್ತಾರೆ," ಎಂದಳು ಹೆಂಡತಿ, ಮೇಷ್ಟ್ರು ಬಾಯಿ ತೆರೆಯುವ ಮೊದಲೇ.

ಶಾಲೆ ಶುರುವಾಗುವ ದಿನ ಬೆಳಿಗ್ಗೆ ಮೇಷ್ಟ್ರಿಗೆ ಹೊಟ್ಟೆನೋವು ಬಂತು. ಹೆಂಡತಿ ಅನುಭವಸ್ಥ ಕೈಯಿಂದ ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿ "ಏನೂ ಆಗಿಲ್ಲ, ಏಳ್ರಿ" ಎಂದಳು. ಆಮೇಲೆ ಚಪ್ಪಲಿ ಸಿಗಲಿಲ್ಲ. ಪಿಟೀಲು ಹುಡುಕಿಕೊಟ್ಟ. ಲಾಯರಮ್ಮ ನೀರಿನ ಬಾಟಲಿ ತುಂಬಿಸಿ ಕೊರಳಿಗೆ ತಗುಲಿಸಿದಳು. ಇಬ್ಬರೂ ಎರಡು ಕೈ ಹಿಡಿದುಕೊಂಡು ಅಪ್ಪನನ್ನು ಬೀದಿಯುದ್ದಕ್ಕೂ ನಡೆಸಿಕೊಂಡು ಹೊರಟರು. ಅಂಗಡಿಯಿಂದ ಟೈಲರ್ ಕೈಬೀಸಿದ. ಮೇಷ್ಟ್ರೂ ಬೀಸಿದರು, ಬೀಸಲು ಒಂದು ಕೈ ಬಿಡಿಸಿಕೊಳ್ಳಬೇಕಾಯಿತು.

ಗೇಟಿನ ಹತ್ತಿರ ಮಕ್ಕಳು ಗುಂಪುಗುಂಪಾಗಿ ಒಳಗೆ ನುಗ್ಗುತ್ತಿದ್ದರು. ಮೇಷ್ಟ್ರ ಕಾಲು ಅಲ್ಲೇ ನಿಂತಿತು.

"ನೀವೂ ಸ್ವಲ್ಪ ಹೊತ್ತು ಒಳಗೆ ಬನ್ನಿ. ಇವತ್ತೊಂದು ದಿನ."

"ಹಾಗೆಲ್ಲ ಅಭ್ಯಾಸ ಮಾಡಬಾರದಪ್ಪ," ಎಂದಳು ಲಾಯರಮ್ಮ. "ಮೊದಲೆರಡು ದಿನ ಕಷ್ಟ, ಆಮೇಲೆ ನಿಂಗೇ ಇಷ್ಟ ಆಗುತ್ತೆ. ಗಂಟೆ ಹೊಡೆದ ತಕ್ಷಣ ಕರ್ಕೊಂಡು ಹೋಗೋಕೆ ಬರ್ತೀವಿ."

ಪಿಟೀಲು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಗೇಟಿನಲ್ಲಿದ್ದ ಶಾಲೆಯ ಆಯಾ, ಮೇಷ್ಟ್ರ ಭುಜ ಹಿಡಿದು ಒಳಗೆ ಕರೆದುಕೊಂಡು ಗೇಟು ಹಾಕಿದಳು. ಮೇಷ್ಟ್ರು ಕಂಬಿ ಹಿಡಿದು ನಿಂತು, ತಿರುವಿನ ತನಕ ನೋಡುತ್ತಲೇ ಇದ್ದರು. ಇಬ್ಬರೂ ಆಗಲೇ ಪಾರ್ಕಿನ ಕಡೆ ಓಡುತ್ತಿದ್ದರು. ಒಂದು ಸಲವಾದರೂ ತಿರುಗಿ ನೋಡಬೇಕಲ್ಲ, ನೋಡಲಿಲ್ಲ.